ಐದನೇ ಕ್ರಾಂತಿಗೆ ಹಳೇ ಪಟ್ಟಾ

ಕೈಗಾರಿಕಾ ಕ್ರಾಂತಿ ಮುಗಿಸಲು ಇಂಗ್ಲೆಂಡಿಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ರಾಯಚೂರಿನ ವಿಚಾರ ಸಂಕಿರಣದಲ್ಲಿ ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿದರೆ ಸಂಜೆಯೊಳಗೆ ಮುಗಿಯುತ್ತದೆ. ಬೇಕಾಗುವ ಸಾಮಾನೂ ಹೆಚ್ಚೇನಿಲ್ಲ. ಇಪ್ಪತ್ತಡಿ ಉದ್ದ, ಹತ್ತಡಿ ಎತ್ತರದ ಫ್ಲೆಕ್ಸ್ ಒಂದು. ಐದು ಬತ್ತಿಯ ಹಿತ್ತಾಳೆ ದೀಪ. ಆಹ್ವಾನ ಪತ್ರಿಕೆಯಲ್ಲಿರುವ ಗಣ್ಯರ ಸಂಖ್ಯೆಗಿಂತ ಎರಡು ಹೆಚ್ಚು ಶಾಲು (ಕರೆಯದೆ ಬಂದು ಮುಂದಿನ ಸಾಲಿನಲ್ಲಿ ಕೂರುವವರು ಇಬ್ಬರಾದರೂ ಇರುತ್ತಾರೆ). ಏಲಕ್ಕಿ ಹಾರ, ಮೈಕು, ಪ್ರೊಜೆಕ್ಟರ್, ಹದಿನೈದು ಕೆವಿಎ ಜನರೇಟರ್, ಅದಕ್ಕೆ ಡೀಸೆಲ್. ಫ್ಲೆಕ್ಸಿನ ಮೇಲೆ ನೀಲಿ ಬಣ್ಣದ ರೋಬೋ ಕೈಯೊಂದು ಮನುಷ್ಯನ ಬೆರಳನ್ನು ಮುಟ್ಟುತ್ತಿರಬೇಕು. ಕೆಳಗೆ: ‘ಕೈಗಾರಿಕಾ ಕ್ರಾಂತಿ 4.0 – ಕಲ್ಯಾಣ ಕರ್ನಾಟಕದ ಮುಂದಿರುವ ಅವಕಾಶಗಳು’.

ಮೊದಲ ವಿಘ್ನ ದೀಪದ್ದು. ಫ್ಯಾನ್ ತಿರುಗುತ್ತಿದ್ದರೆ ಬತ್ತಿ ಹತ್ತುವುದಿಲ್ಲ. ಫ್ಯಾನ್ ನಿಲ್ಲಿಸಿದರೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಗಣ್ಯರು ಹತ್ತಿಕೊಳ್ಳುತ್ತಾರೆ. ಪಳಗಿದವರು ಪ್ರತಿ ಬತ್ತಿಯ ತುದಿಗೂ ಒಂದು ಚೂರು ಕರ್ಪೂರ ಇಟ್ಟು, ವೇದಿಕೆಯ ಮೇಲಿನ ಎರಡು ಫ್ಯಾನ್ ಮಾತ್ರ ಆರಿಸುತ್ತಾರೆ. ಎಣ್ಣೆ ದೀಪಕ್ಕಾಗಿ ವಿದ್ಯುತ್ತನ್ನು ಸುಮ್ಮನಿರಿಸುವ ಆ ಒಂದೂವರೆ ನಿಮಿಷದಲ್ಲಿ ಇಡೀ ಸಭೆ ಎರಡು ಕ್ರಾಂತಿಗಳಷ್ಟು ಹಿಂದಕ್ಕೆ ಹೋಗಿ ವಾಪಸು ಬರುತ್ತದೆ.

ಆಮೇಲೆ ಸ್ಲೈಡು. ಎಲ್ಲ ಭಾಷಣಕಾರರ ಬಳಿಯೂ ಕ್ರಾಂತಿಗೊಂದರಂತೆ ಅವೇ ನಾಲ್ಕು ಚಿತ್ರಗಳು: ಹಬೆ ಎಂಜಿನ್, ವಿದ್ಯುತ್ ದೀಪ, ಕಂಪ್ಯೂಟರ್, ರೋಬೋ. ಇಸವಿಗಳೇನೋ ಸರಿಯಾಗಿಯೇ ಇರುತ್ತವೆ. 1712ರಲ್ಲಿ ನ್ಯೂಕಾಮನ್‌ನ ಎಂಜಿನ್ ಕಲ್ಲಿದ್ದಲು ಗಣಿಯಿಂದ ನೀರೆತ್ತಿತು, 1769ರಲ್ಲಿ ಜೇಮ್ಸ್ ವಾಟ್ ಹಬೆ ತಣಿಸುವ ಪ್ರತ್ಯೇಕ ಕಂಡೆನ್ಸರ್‌ಗೆ ಪೇಟೆಂಟ್ ಪಡೆದ, 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಕರೆಂಟ್ ಮಾರತೊಡಗಿದ, 1969ರಲ್ಲಿ ಮಾಡಿಕಾನ್ 084 ಎಂಬ ಮೊದಲ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಬಂದು ಕಾರ್ಖಾನೆಯ ರಿಲೇ ಪೆಟ್ಟಿಗೆಗಳನ್ನು ಹೊರದಬ್ಬಿತು. ಎಡವಟ್ಟು ಇರುವುದು ಹೆಸರಿಡುವ ಶಾಸ್ತ್ರದಲ್ಲಿ. ಮೊದಲ ಕ್ರಾಂತಿ ನಡೆದು ನೂರು ವರ್ಷವಾದ ಮೇಲೆ, ಇತಿಹಾಸಕಾರ ಆರ್ನಾಲ್ಡ್ ಟಾಯ್ನ್‌ಬಿಯ ಉಪನ್ಯಾಸಗಳು 1884ರಲ್ಲಿ ಅಚ್ಚಾಗಿ ಅದಕ್ಕೆ ಆ ಹೆಸರು ನೆಲೆನಿಂತಿತು. ನಾಲ್ಕನೆಯದಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂದು ಘೋಷಿಸಿಬಿಟ್ಟರು. ಅದೇ ವರ್ಷ ಅಮೆರಿಕದ ಲೇಖಕರೊಬ್ಬರು ಮೂರನೆಯದು ಈಗಷ್ಟೇ ಬರುತ್ತಿದೆ ಎಂದು ಪುಸ್ತಕ ಬರೆದಿದ್ದರು. ಮೂರನೆಯ ಕೂಸು ಇನ್ನೂ ತೊಟ್ಟಿಲಲ್ಲಿ, ನಾಲ್ಕನೆಯದಕ್ಕೆ ಹುಟ್ಟುವ ಮುನ್ನ ಕುಲಾವಿ. 2021ರಲ್ಲಿ ಯುರೋಪಿಯನ್ ಕಮಿಷನ್ ಐದನೆಯದಕ್ಕೂ ಕುಲಾವಿ ಹೊಲಿಸಿತು. ಆ ‘.0’ ಏನೆಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಸಾಫ್ಟ್‌ವೇರಿನವರು ಹಾಕುವ ಆವೃತ್ತಿ ಸಂಖ್ಯೆ ಅದು. 4.1 ಯಾವಾಗ ಬಂತೆಂದು ಕೇಳಿದರೆ ವಂದನಾರ್ಪಣೆ ಶುರುವಾಗುತ್ತದೆ.

‘ಡೇಟಾನೇ ಹೊಸ ಚಿನ್ನ’ ಎಂಬ ಸ್ಲೈಡಿಗೆ ಚಪ್ಪಾಳೆ ಜಾಸ್ತಿ. ರಾಯಚೂರು ಜಿಲ್ಲೆಗೆ ಇದು ಹಳೇ ಸುದ್ದಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಬಂಡೆಗಲ್ಲಿನ ಶಾಸನ. ಆ ಡೇಟಾ ಎರಡು ಸಾವಿರದ ಇನ್ನೂರು ವರ್ಷಗಳಿಂದ ಪಾಸ್‌ವರ್ಡ್ ಕೇಳಿಲ್ಲ, ಸರ್ವರ್ ಡೌನ್ ಅಂದಿಲ್ಲ.

ಇಷ್ಟೊತ್ತಿಗೆ ಕರೆಂಟ್ ಹೋಗುತ್ತದೆ. “ಜನರೇಟರ್ ಹಚ್ಚಲೇನ್ರಿ ಸಾಹೇಬ್ರ?” ಎಂದು ಹಿಂದಿನ ಬಾಗಿಲಿನಿಂದ ದನಿ ಬರುತ್ತದೆ. ಕರೆಂಟ್ ಇದ್ದಾಗಲೂ ಆ ಪ್ರೊಜೆಕ್ಟರಿನ ಬೆಳಕು ಬಂದದ್ದು ಹಬೆಯಿಂದಲೇ. ಊರ ಪಕ್ಕದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎಂಟು ಘಟಕ, ಒಟ್ಟು 1,720 ಮೆಗಾವಾಟ್. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಹಬೆಯನ್ನು ಟರ್ಬೈನಿಗೆ ಬಿಟ್ಟು, ನಿಮಿಷಕ್ಕೆ 3,000 ಸುತ್ತು ತಿರುಗಿಸುವ ಕೆಲಸ. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋ ಆಸುಪಾಸು ಕಲ್ಲಿದ್ದಲು. ಮುನ್ನೂರು ವಾಟಿನ ಪ್ರೊಜೆಕ್ಟರ್ ಮೂರು ಗಂಟೆ ಉರಿದರೆ ಹತ್ತಿರ ಹತ್ತಿರ ಒಂದು ಯೂನಿಟ್. ನಾಲ್ಕನೇ ಕ್ರಾಂತಿಯ ಅಷ್ಟೂ ಸ್ಲೈಡುಗಳಿಗೆ ತಗುಲುವುದು ಮೊದಲನೇ ಕ್ರಾಂತಿಯ ಮುಕ್ಕಾಲು ಕಿಲೋ. ‘ಮೊದಲ ಕ್ರಾಂತಿ ಮುಗಿದ ಅಧ್ಯಾಯ’ ಎಂಬ ಸ್ಲೈಡಿಗೂ ಅದರಲ್ಲಿ ಪಾಲುಂಟು.

ಸ್ಲೈಡಿನಲ್ಲಿ ಇಲ್ಲದ ಒಂದು ಸಂಗತಿ ಇದೆ. ತಮಾಷೆಯೆಲ್ಲ ಇರುವುದು ಅಲ್ಲೇ. ಹಬೆ ಎಂಜಿನ್ ಕಾಲದ ಕಾರ್ಖಾನೆಯಲ್ಲಿ ಮಾಳಿಗೆಯ ತೊಲೆಗುಂಟ ಉದ್ದನೆಯ ಉಕ್ಕಿನ ಶಾಫ್ಟ್ ಇರುತ್ತಿತ್ತು. ಅದಕ್ಕೆ ಸಾಲಾಗಿ ಪುಲ್ಲಿ, ಪ್ರತಿ ಪುಲ್ಲಿಯಿಂದ ಕೆಳಗಿನ ಯಂತ್ರಕ್ಕೊಂದು ಚರ್ಮದ ಪಟ್ಟಾ (ಬೆಲ್ಟ್). ಹಳೇ ಹಲ್ಲರ್ ಮಿಲ್ಲನ್ನೋ ಹಿಟ್ಟಿನ ಗಿರಣಿಯನ್ನೋ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಟ್ಟಾ ಸಡಿಲಾದರೆ ಜಾರುತ್ತದೆ, ಆಗ ರಾಳ ಹಾಕಬೇಕು. ಬಿಗಿಯಾದರೆ ಬೇರಿಂಗ್ ಕಾಯುತ್ತದೆ. ಕೆಳಗೆ ಒಂದೇ ಯಂತ್ರ ಬೇಕಿದ್ದರೂ ಮೇಲೆ ಇಡೀ ಶಾಫ್ಟ್ ತಿರುಗಬೇಕು. ವಿದ್ಯುತ್ ಮೋಟರ್ ಬಂದಾಗ ಮಾಲೀಕರು ಮಾಡಿದ್ದೇನು? ಹಬೆ ಎಂಜಿನ್ ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಮೋಟರ್ ಕೂರಿಸಿ, ಅದೇ ಶಾಫ್ಟಿಗೆ ಅದೇ ಪಟ್ಟಾ ತೊಡಿಸಿದರು. ‘ನಮ್ಮದು ವಿದ್ಯುತ್ ಕಾರ್ಖಾನೆ’ ಎಂದು ಬೋರ್ಡನ್ನೂ ಹಾಕಿರಬೇಕು. ಲಾಭ ಮಾತ್ರ ಅಷ್ಟಕ್ಕಷ್ಟೆ. ಪರ್ಲ್ ಸ್ಟ್ರೀಟ್ ಶುರುವಾಗಿ ಹದಿನೆಂಟು ವರ್ಷವಾದರೂ, 1900ರ ಹೊತ್ತಿಗೆ, ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟರಿನ ಪಾಲು ನೂರಕ್ಕೆ ಐದನ್ನೂ ಮುಟ್ಟಿರಲಿಲ್ಲ. ಒಂದೊಂದು ಯಂತ್ರಕ್ಕೂ ತನ್ನದೇ ಸಣ್ಣ ಮೋಟರ್ ಕೊಟ್ಟು, ಶಾಫ್ಟ್ ಕಿತ್ತೆಸೆದು, ಮಾಳಿಗೆ ಕಟ್ಟಡ ಬಿಟ್ಟು ನೆಲಮಟ್ಟದ ಶೆಡ್ಡಿಗೆ ಇಳಿದು, ಕೆಲಸ ಸಾಗುವ ಕ್ರಮದಲ್ಲಿ ಯಂತ್ರಗಳನ್ನು ಜೋಡಿಸಿದ ಮೇಲೆ, 1920ರ ದಶಕದಲ್ಲಿ ಫಲ ಕೈಗೆ ಬಂತು. ಕಂಪ್ಯೂಟರ್ ಬಂದರೂ ಉತ್ಪಾದಕತೆ ಏಕೆ ಏರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದವರಿಗೆ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1990ರಲ್ಲಿ ಈ ಕಥೆಯನ್ನೇ ನೆನಪಿಸಿದರು.

ನಮ್ಮ ಕಚೇರಿಗಳಲ್ಲಿ ಆ ಶಾಫ್ಟಿಗೆ ರಿಜಿಸ್ಟರ್ ಎಂದು ಹೆಸರು. ಅರ್ಜಿ ಆನ್‌ಲೈನ್. ಆನ್‌ಲೈನ್‌ನಲ್ಲಿ ತುಂಬಿದ್ದನ್ನು ಪ್ರಿಂಟ್ ತೆಗೆಸಬೇಕು, ಸಹಿ ಹಾಕಬೇಕು, ಸ್ಕ್ಯಾನ್ ಮಾಡಿ ಮತ್ತೆ ಏರಿಸಬೇಕು, ಮೂಲಪ್ರತಿಗೆ ಎರಡು ಜೆರಾಕ್ಸ್ ಲಗತ್ತಿಸಿ ಖುದ್ದಾಗಿ ತಂದುಕೊಡಬೇಕು. ಫೈಲು 200 ಕೆಬಿ ಮೀರುವಂತಿಲ್ಲ. ಮೊಬೈಲಿನಲ್ಲಿ ತೆಗೆದ ಪಹಣಿಯ ಫೋಟೊ ಮೂರು ಎಂಬಿ. ಜೆರಾಕ್ಸ್ ಅಂಗಡಿಯವನು ಅದನ್ನು ಹಿಂಡಿ ಹಿಂಡಿ 198ಕ್ಕೆ ಇಳಿಸುವಷ್ಟರಲ್ಲಿ ಸರ್ವೆ ನಂಬರಿನ 3ಕ್ಕೂ 8ಕ್ಕೂ ವ್ಯತ್ಯಾಸ ಉಳಿದಿರುವುದಿಲ್ಲ. ಹದಿನೈದು ದಿನಕ್ಕೆ ‘ದಾಖಲೆ ಅಸ್ಪಷ್ಟ’ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಸಂದೇಶ ಬಂದ ವೇಗದಲ್ಲಿ ಕ್ರಾಂತಿ ಇರುವುದು ನಿಜ.

ಉದ್ಯೋಗ ಖಾತ್ರಿ ಕೆಲಸದ ಹಾಜರಿಯದು ಇದಕ್ಕಿಂತ ಸೊಗಸು. ಕೂಲಿಕಾರರ ಹಾಜರಿ ಬರೆಯುವ ಎನ್‌ಎಂಆರ್ ಹಾಳೆಯಲ್ಲಿ ಸುಳ್ಳು ಹೆಸರು ಬರೆಯುತ್ತಾರೆಂದು, 2023ರ ಜನವರಿ 1ರಿಂದ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಏರಿಸುವುದು ಕಡ್ಡಾಯವಾಯಿತು. ಬದು ಹಾಕಿ ಮುಗಿಸಿದವರೂ ಎರಡನೇ ಫೋಟೊಗೆ ಕಾಯಬೇಕಾಯಿತು. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕುವುದು ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧುವಿನ ಪಾಲಿಗೆ ಇನ್ನೊಂದು ಕಾಮಗಾರಿ. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಫೋಟೊದ ಫೋಟೊಗಳು ಏರುತ್ತಿವೆ ಎಂದು ಒಪ್ಪಿಕೊಂಡಿತು. ಪರಿಹಾರ? ಪಂಚಾಯ್ತಿ ಮಟ್ಟದಲ್ಲಿ ನೂರಕ್ಕೆ ನೂರು ಫೋಟೊಗಳನ್ನೂ ಮನುಷ್ಯರೇ ಕೂತು ಪರಿಶೀಲಿಸಬೇಕು. ಮನುಷ್ಯರನ್ನು ನಂಬಲಾಗದೆ ಯಂತ್ರ ತಂದರು. ಯಂತ್ರವನ್ನು ನಂಬಲಾಗದೆ ಅವರೇ ಮನುಷ್ಯರನ್ನು ಕೂರಿಸಿದರು. ಶಾಫ್ಟು, ಪುಲ್ಲಿ, ಪಟ್ಟಾ ಎಲ್ಲ ಇದ್ದಲ್ಲೇ ಇವೆ, ಮೇಲೊಂದು ಮೋಟರ್ ಬೇರೆ.

ಬೆಳೆಗೆ ಔಷಧ ಸಿಂಪಡಿಸುವ ಡ್ರೋನ್ ವಿಷಯಕ್ಕೆ ಬರೋಣ, ಏಕೆಂದರೆ ಊಟಕ್ಕೆ ಮುಂಚಿನ ಪ್ರಾತ್ಯಕ್ಷಿಕೆ ಅದೇ. ಸ್ವಸಹಾಯ ಸಂಘಗಳಿಗೆ ನೂರಕ್ಕೆ ಎಂಬತ್ತು, ಗರಿಷ್ಠ ಎಂಟು ಲಕ್ಷ ರೂಪಾಯಿ ಸಹಾಯಧನ ಕೊಡುವ ಯೋಜನೆ 2023ರಲ್ಲಿ ಬಂತು, ಯಂತ್ರವೂ ಕೆಟ್ಟದ್ದಲ್ಲ. ಹತ್ತು ಲೀಟರ್ ಟ್ಯಾಂಕ್, ಒಂದು ಎಕರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹದಿನಾರು ಲೀಟರ್ ಪಂಪು ಬೆನ್ನಿಗೆ ಹಾಕಿಕೊಂಡು ಹತ್ತಿ ಸಾಲಿನಲ್ಲಿ ಮೂಗಿಗೆ ಟವೆಲ್ ಕಟ್ಟಿ ನಡೆಯುವವರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಹಾರಾಟಕ್ಕೆ ಒಂದು ಜೋಡಿ ಬ್ಯಾಟರಿ ಬೇಕು, ಅದಕ್ಕೆ ಸುಮಾರು ಒಂದು ಯೂನಿಟ್ ಕರೆಂಟ್ ಬೇಕು. ಹೊಲದಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಮೂರು ಫೇಸ್ ಬರುವ ಹೊತ್ತು ಇವರು ಹಾರಿಸುವ ಹೊತ್ತಿಗೆ ಹೊಂದುವುದಿಲ್ಲ. ಹಾಗಾಗಿ ಡ್ರೋನಿನ ಹಿಂದೆ ಬೊಲೆರೊ, ಅದರಲ್ಲಿ ಪೆಟ್ರೋಲ್ ಜನರೇಟರ್, ನಾಲ್ಕೈದು ಜೋಡಿ ಬ್ಯಾಟರಿ, ನೀರಿನ ಡ್ರಮ್ಮು, ಔಷಧ ಕಲೆಸುವ ಹುಡುಗ. ಲಿಥಿಯಂ ಬ್ಯಾಟರಿ ಇಳಿದಾಗ ಬಿಸಿ ಇರುತ್ತದೆ. ಆರಿದ ಮೇಲೇ ಚಾರ್ಜಿಗೆ ಹಚ್ಚಬೇಕು, ಇಲ್ಲದಿದ್ದರೆ ಉಬ್ಬುತ್ತದೆ. ನೆರಳಿನಲ್ಲೇ ನಲವತ್ತೆರಡು ಡಿಗ್ರಿ ಇರುವ ಊರಿನಲ್ಲಿ ಅದು ಯಾವ ಗಾಳಿಗೆ ಆರಬೇಕು ಎಂಬುದು ಕೈಪಿಡಿಯಲ್ಲಿ ಇಲ್ಲ. ಕೊನೆಗೆ ಒದ್ದೆ ಗೋಣಿಚೀಲ ಹಾಸಿದ ಥರ್ಮಕೋಲ್ ಡಬ್ಬಿಗೆ ಶರಣು. ಇನ್ನು ಪುಡಿ ಔಷಧ: ಇನ್ನೂರು ಲೀಟರಿಗೆ ಕಲೆಸುವುದನ್ನು ಹತ್ತು ಲೀಟರಿಗೆ ಕಲೆಸಿದರೆ ಗಸಿಯಾಗಿ ನಾಜಲ್ ಕಟ್ಟಿಕೊಳ್ಳುತ್ತದೆ, ಮೊದಲೇ ಬಟ್ಟೆಯಲ್ಲಿ ಸೋಸಬೇಕು. ಗಾಳಿ ಎದ್ದರೆ ನಿಮ್ಮ ಔಷಧ ಪಕ್ಕದವರ ಮೆಣಸಿನಕಾಯಿಗೆ. ಬಿಳಿ ನೊಣವಂತೂ ಎಲೆಯ ಅಡಿಗೆ ಕೂತಿರುತ್ತದೆ, ಡ್ರೋನ್ ಮೇಲಿಂದ ಬರುತ್ತದೆಂದು ಅದಕ್ಕೆ ಮೊದಲೇ ಗೊತ್ತಿದ್ದಂತೆ. ಪ್ರಾತ್ಯಕ್ಷಿಕೆಯಲ್ಲಿ ಇದಾವುದೂ ಕಾಣುವುದಿಲ್ಲ, ಅಲ್ಲಿ ಟ್ಯಾಂಕಿನಲ್ಲಿ ಇರುವುದು ಬರೀ ನೀರು.

ನಿಜವಾಗಿ ಬಂದು ಕೂತ ಯಂತ್ರಗಳಿಗೆ ಶಾಲೂ ಇಲ್ಲ, ಹಾರವೂ ಇಲ್ಲ. ಗಂಗಾವತಿಯ ಅಕ್ಕಿ ಮಿಲ್ಲುಗಳ ಕಡೆ ‘ಸಾರ್ಟೆಕ್ಸ್’ ಎನ್ನುವ ಯಂತ್ರ ನೋಡಿ. ಇಳಿಜಾರು ತಗಡಿನಿಂದ ಅಕ್ಕಿ ಪರದೆಯಂತೆ ಸುರಿಯುತ್ತದೆ, ಎರಡೂ ಕಡೆಯಿಂದ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕಪ್ಪು ಕಾಳು ಕಂಡ ಕ್ಷಣ ಗಾಳಿಯ ಸಣ್ಣ ಏಟು ಬಿದ್ದು ಅದು ಬೇರೆ ಬಾಯಿಗೆ ಹಾರುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ತೇವ ಇದ್ದರೆ ವಾಲ್ವ್ ಹಿಡಿದುಕೊಳ್ಳುತ್ತದೆ, ಗಾಜಿನ ಮೇಲೆ ತೌಡಿನ ಧೂಳು ಕೂತರೆ ಎಲ್ಲ ಅಕ್ಕಿಯೂ ಕಪ್ಪಾಗಿ ಕಾಣುತ್ತದೆ, ಸೂಕ್ಷ್ಮತೆ ಅತಿಯಾಗಿ ಏರಿಸಿದರೆ ಒಳ್ಳೇ ಅಕ್ಕಿಯೂ ತಿರಸ್ಕಾರದ ಚೀಲ ಸೇರುತ್ತದೆ. ಇವೆಲ್ಲ ಆಪರೇಟರಿಗೆ ಬಾಯಿಪಾಠ. ಯಂತ್ರಕ್ಕೆ ಕಣ್ಣು ಬಂದು ಇಷ್ಟು ಕಾಲವಾದರೂ ‘ಯಂತ್ರದೃಷ್ಟಿ’ ಎಂಬ ಗೋಷ್ಠಿಗೆ ಅವರನ್ನು ಯಾರೂ ಕರೆದಿಲ್ಲ. ಚೀಲದ ಮೇಲೆ ‘ಸಾರ್ಟೆಕ್ಸ್ ಅಕ್ಕಿ’ ಎಂದು ಅಚ್ಚಾಗಿದ್ದೇ ಸನ್ಮಾನ.

ಬಳ್ಳಾರಿಯ ಜೀನ್ಸ್ ಹೊಲಿಗೆಯದೂ ಇದೇ ಮಾತು. ಹಳೇ ಯಂತ್ರದಡಿಯ ಅರ್ಧ ಎಚ್‌ಪಿ ಕ್ಲಚ್ ಮೋಟರ್, ಸೂಜಿ ನಿಂತಿದ್ದರೂ ದಿನವಿಡೀ ಗುಂಯ್‌ಗುಡುತ್ತಾ ಕರೆಂಟ್ ತಿನ್ನುತ್ತದೆ. ಅದನ್ನು ಬಿಚ್ಚಿ ಸರ್ವೊ ಮೋಟರ್ ಕೂರಿಸಿದರೆ ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ. ಬಿಲ್ಲು ಇಳಿಯುತ್ತದೆ, ಪಕ್ಕದವರ ಮಾತು ಕೇಳಿಸುತ್ತದೆ. ನಾಲ್ಕು ಬೋಲ್ಟು, ಒಂದು ಪಟ್ಟಾ, ಅರ್ಧ ಗಂಟೆಯ ಕೆಲಸ. ರಿಬ್ಬನ್ ಕತ್ತರಿಸಲು ಇಲ್ಲಿ ಜಾಗವೇ ಇಲ್ಲವೆಂದೋ ಏನೋ, ಉದ್ಘಾಟನೆಗೆ ಯಾರೂ ಬರುವುದಿಲ್ಲ.

ಊಟದ ನಂತರದ ಗೋಷ್ಠಿಗೆ ಅರ್ಧ ಕುರ್ಚಿ ಖಾಲಿ. ವಿಷಯ, ‘ಕೆಡುವ ಮುನ್ನವೇ ಹೇಳುವ ಯಂತ್ರಗಳು’. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನಿನ ಕೊಂಡಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಕಾದಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಅದನ್ನು ನಿಲ್ಲಿಸಿದ್ದು ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ, ಕ್ರೇನ್, ವೆಲ್ಡಿಂಗ್ ಮಾಡುವವರ ಕೈ, ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರ್. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಸೆನ್ಸರ್ ಇದ್ದಿದ್ದರೆ ಸವೆದ ಕೊಂಡಿಯ ಬಗ್ಗೆ ಮೊದಲೇ ಸಂದೇಶ ಬರುತ್ತಿತ್ತು ಎನ್ನುತ್ತಾರೆ ಭಾಷಣಕಾರರು. ಬರುತ್ತಿತ್ತು. ಸಂದೇಶ ನೋಡಿದವರು ಟಿಪ್ಪಣಿ ಬರೆದು, ಕಡತ ಮೇಲೆ ಹೋಗಿ, ಅಂದಾಜು ಪಟ್ಟಿ ಕೆಳಗೆ ಬಂದು, ಟೆಂಡರ್ ಕರೆದು, ಒಬ್ಬರೇ ಬಿಡ್ ಹಾಕಿದ್ದಾರೆಂದು ಮತ್ತೆ ಕರೆದು… ಆ ಶಾಫ್ಟ್ ತಿರುಗುವ ವೇಗ ಅದರದೇ.

ವಂದನಾರ್ಪಣೆ ಮುಗಿಯುವ ಮೊದಲೇ ಸಂಚಾಲಕರ ಫೋನು ಫ್ಲೆಕ್ಸ್ ಅಂಗಡಿಗೆ ಹೋಗಿರುತ್ತದೆ. ಮುಂದಿನ ತಿಂಗಳು ಇನ್ನೊಂದು ಸಂಕಿರಣ, ಈ ಸಲ 5.0. ಅಂಗಡಿಯ ಹುಡುಗ ಹಳೇ ಫೈಲು ತೆರೆದೇ ಕೂತಿದ್ದಾನೆ.

“ಹೊಸಾ ಫ್ಲೆಕ್ಸ್ ಯಾಕ್ರಿ ಸರ? ಅದೇ ಇರ್ಲಿ, ನಾಕರ ಮ್ಯಾಲ ಐದರ ಸ್ಟಿಕರ್ ಹಚ್ಚತೀನಿ.”

“ಸೊನ್ನಿ?”

“ಸೊನ್ನಿ ಅದೇ ನಡೀತದ್ರಿ. ಐದು ಬ್ಯಾರೆ ಗಟ್ಟಿ ಅಂಟಿಸಂಗಿಲ್ರಿ, ಆರಕ್ಕ ತೆಗೆಯಾಕ ಸಸಾರ ಆಗ್ತದ.”