ನೀರು ಘಟ್ಟದ ಮೇಲೆ, ಕರೆಂಟು ಘಟ್ಟದ ಕೆಳಗೆ

ಉಡುಪಿ ಕಡೆಯವರಿಗೆ ಡ್ಯಾಮ್ ನೋಡುವ ಮನಸ್ಸಾದರೆ ಗಾಡಿ ಲಿಂಗನಮಕ್ಕಿಗೆ ಹೋಗುತ್ತದೆ, ಇಲ್ಲವೇ ಹೊಸಪೇಟೆಗೆ. ನಮ್ಮದೇ ವಾರಾಹಿಗೆ ಕಟ್ಟಿದ ಮಾಣಿ ಡ್ಯಾಮಿನ ಹೆಸರೆತ್ತಿದರೆ, "ಅದು ಬಂಟ್ವಾಳದ ಆಚೆ ಇರುವ ಮಾಣಿಯಾ?" ಅಂತ ಕೇಳುವವರಿದ್ದಾರೆ ಮಾರಾಯ್ರೆ!

ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಹುಲಿಕಲ್, ಮಾಸ್ತಿಕಟ್ಟೆ. ಮಳೆಯಲ್ಲಿ ಆಗುಂಬೆಗೇ ಸಡ್ಡು ಹೊಡೆಯುವ ಊರು ಹುಲಿಕಲ್. ಅಲ್ಲಿ ಸುರಿದದ್ದೆಲ್ಲ ಮಾಣಿಯಲ್ಲಿ ನಿಲ್ಲುತ್ತದೆ, ಸಮುದ್ರಮಟ್ಟದಿಂದ ಸುಮಾರು 594 ಮೀಟರ್ ಎತ್ತರದಲ್ಲಿ. ಡ್ಯಾಮ್ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಆ ನೀರಿನಿಂದ ಕರೆಂಟು ತೆಗೆಯುವ ಪವರ್ ಹೌಸ್ ಇರುವುದು ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ, ಅದೂ ಬಂಡೆ ಕೊರೆದು ನೆಲದಡಿಯಲ್ಲಿ. ತಲಾ 115 ಮೆಗಾವಾಟಿನ ನಾಲ್ಕು ಯಂತ್ರಗಳು, ಒಟ್ಟು 460. ಮೊದಲೆರಡು ಶುರುವಾದದ್ದು 1989-90ರ ಹೊತ್ತಿಗೆ, ಉಳಿದೆರಡು 2009ರಲ್ಲಿ.

ಇನ್ನು ಕುಂಚಿಕಲ್. ಮಾಸ್ತಿಕಟ್ಟೆಯ ಹತ್ತಿರ ಇದೇ ವಾರಾಹಿ 455 ಮೀಟರ್ ಇಳಿಯುತ್ತಿದ್ದ ಅಬ್ಬಿ. ದೇಶದ ಅತಿ ಎತ್ತರದ ಜಲಪಾತ ಅಂತ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಇವತ್ತಿಗೂ ಉತ್ತರವಾಗಿ ಕೂತಿದೆ. ಹೋಗಿ ನೋಡಿದರೆ ಬಹುಪಾಲು ಬರೀ ಬಂಡೆ, ನೀರು ಬೀಳುವುದು ಮಳೆಗಾಲದಲ್ಲಿ ಮಾತ್ರ. ಇದೇನೂ ಯೋಜನೆಯ ಜೊತೆ ಕೈತಪ್ಪಿ ಆದ ನಷ್ಟವಲ್ಲ. ಯಂತ್ರ ತಿರುಗಿಸಲು ಬೇಕಾಗಿದ್ದದ್ದೇ ಆ ಎತ್ತರ. ಬಂಡೆಯ ಮೇಲೆ ಧುಮುಕುತ್ತಿದ್ದ ನೀರು ಈಗ ಸುರಂಗದೊಳಗೆ ಇಳಿಯುತ್ತದೆ, ಅಷ್ಟೆ. ಮನೆಯಲ್ಲಿ ಕೂತು ಫ್ಯಾನ್ ಹಾಕಿಕೊಂಡು "ಛೆ, ಜಲಪಾತ ಹೋಯಿತು" ಅನ್ನುವುದು ನನಗಂತೂ ನಾಲಿಗೆಗೆ ಬರುವುದಿಲ್ಲ. ಹಾಗಂತ ಹೋದದ್ದನ್ನು ಹೇಳದೆ ಬಿಡುವುದೂ ಸರಿಯಲ್ಲ.

ನೀರಾವರಿಯದು ಬೇರೆಯೇ ಪುರಾಣ. ವಾರಾಹಿ ನೀರಾವರಿ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ, ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. ಅಪ್ಪ ಕಾದ ಕಾಲುವೆಗೆ ಮೊಮ್ಮಗ ಕಾಯುವಷ್ಟು ಹೊತ್ತು ಹಿಡಿಯಿತು.

ಅಷ್ಟು ದೂರ ಹೋದ ಮೇಲೆ ನಗರ ಅನ್ನುವ ಊರಿಗೆ ಹೋಗದೆ ತಿರುಗಬೇಡಿ. ಕೆಳದಿ ಅರಸರ ಬಿದನೂರು ಅದೇ. 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರ್‌ನಗರ, ಆಮೇಲೆ ಬರೀ ನಗರ. ಕೋಟೆ ಎಲ್ಲರೂ ನೋಡುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಹತ್ತಿರದ ದೇವಗಂಗೆ ಕೊಳ. ಗುಡ್ಡದ ಒರತೆಯ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಒಂದು ಕೊಳದಿಂದ ಇನ್ನೊಂದಕ್ಕೆ ಇಳಿಯುತ್ತದೆ, ಒಂದೊಂದಕ್ಕೆ ಒಂದೊಂದು ಆಕಾರ. ಪಂಪೂ ಇಲ್ಲ, ಮೋಟಾರೂ ಇಲ್ಲ. ನಮ್ಮ ಬಸ್ರೂರು ಬಂದರೂ ಆ ಅರಸರದ್ದೇ. ಘಟ್ಟದ ಮೇಲೆ-ಕೆಳಗೆ ಅನ್ನುವ ಗೆರೆ ಅವರಿಗೆ ಅಷ್ಟು ದೊಡ್ಡದಾಗಿರಲಿಲ್ಲ.

ಡ್ಯಾಮಿಗೂ ಪವರ್ ಹೌಸಿಗೂ ಅನುಮತಿ ಇಲ್ಲದೆ ಬಿಡುವುದಿಲ್ಲ, ಭದ್ರತೆಯ ವಿಷಯ, ಒಪ್ಪೋಣ. ಆದರೆ ವರ್ಷಕ್ಕೆ ನಾಲ್ಕು ದಿನವಾದರೂ ಶಾಲೆ ಮಕ್ಕಳನ್ನು ಕರೆದೊಯ್ದು ತೋರಿಸಬಾರದೇ? ಪ್ರವಾಸದ ಬಸ್ಸುಗಳು ಹೊಸಂಗಡಿ ದಾಟಿಯೇ ಎಷ್ಟೋ ಕಡೆ ಹೋಗುತ್ತವೆ.

ಡ್ಯಾಮ್ ಕಟ್ಟುವ ಮೊದಲು ಕುಂಚಿಕಲ್ ಕಂಡ ಹಿರಿಯರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಹಳೇ ಫೋಟೊ ಇದ್ದರೆ ದಯವಿಟ್ಟು ಹಾಕಿ.