ಅಪ್‌ಲಿಂಕ್: ಕಳಿಸುವುದಕ್ಕಿಂತ ಅಪ್ಪಣೆ ಕೇಳುವುದಕ್ಕೇ ಹೆಚ್ಚು ಹೊತ್ತು

ವೈರ್‌ಲೆಸ್ ಜಾಲಗಳ ವಿಳಂಬದ ಚರ್ಚೆ ಬಂದಾಗಲೆಲ್ಲ ವೇಗದ ಮಾತೇ ಮುಂದೆ ಬರುತ್ತದೆ. ಸೆಕೆಂಡಿಗೆ ಇಷ್ಟು ಗಿಗಾಬಿಟ್ ಎಂದುಬಿಟ್ಟರೆ ವಿಳಂಬ ತಾನಾಗಿಯೇ ಕರಗಿಹೋಗುತ್ತದೆ ಎಂದು ನಂಬಿದವರು ಈ ಕ್ಷೇತ್ರದ ಒಳಗೂ ಇದ್ದಾರೆ. ಸಾಧನದಿಂದ ಬೇಸ್ ಸ್ಟೇಷನ್ ಕಡೆಗೆ ಹೋಗುವ ಅಪ್‌ಲಿಂಕ್ ದಾರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೇಸ್ ಸ್ಟೇಷನ್‌ನಿಂದ ಸಾಧನಕ್ಕೆ ಬರುವ ಡೌನ್‌ಲಿಂಕ್‌ನಲ್ಲಿ ಪ್ಯಾಕೆಟ್‌ಗಳೂ (ದತ್ತಾಂಶದ ತುಣುಕುಗಳೂ) ಅವುಗಳ ಸರದಿಯನ್ನು ತೀರ್ಮಾನಿಸುವ ಶೆಡ್ಯೂಲರ್ ಕೂಡ ಬೇಸ್ ಸ್ಟೇಷನ್‌ನಲ್ಲೇ ಇರುತ್ತವೆ. ಅಪ್‌ಲಿಂಕ್‌ನಲ್ಲಾದರೋ ಪ್ಯಾಕೆಟ್ ಇರುವುದು ಸಾಧನದಲ್ಲಿ, ಅಪ್ಪಣೆ ಕೊಡುವ ಅಧಿಕಾರ ಇರುವುದು ಬೇಸ್ ಸ್ಟೇಷನ್‌ನಲ್ಲಿ. ಇವೆರಡರ ನಡುವಿನ ಪತ್ರವ್ಯವಹಾರಕ್ಕೇ ಸಮಯವೆಲ್ಲ ಹೋಗುತ್ತದೆ.

ಎಲ್‌ಟಿಇ, ಅಂದರೆ 4ಜಿ ಜಾಲವನ್ನೇ ನೋಡೋಣ. ಸಾಧನದಲ್ಲಿ ಹೊಸದಾಗಿ ಪ್ಯಾಕೆಟ್ ಹುಟ್ಟಿದಾಗ ಅದು ಮೊದಲು ತನಗೆ ಗೊತ್ತುಪಡಿಸಿದ ಕ್ಷಣಕ್ಕಾಗಿ ಕಾದು 'ನನ್ನಲ್ಲಿ ಏನೋ ಇದೆ' ಎಂಬ ಕೋರಿಕೆಯನ್ನು ಕಳಿಸಬೇಕು. ಈ ಕ್ಷಣ 10 ಮಿಲಿಸೆಕೆಂಡಿಗೊಮ್ಮೆ ಬರುವುದಾದರೆ ಸರಾಸರಿ ಕಾಯುವಿಕೆಯೇ 5 ಮಿಲಿಸೆಕೆಂಡ್. ಕೋರಿಕೆಗೆ ಉತ್ತರವಾಗಿ ಗ್ರಾಂಟ್, ಅಂದರೆ ಕಳಿಸಲು ಅಪ್ಪಣೆ, ಬರಲು ಸುಮಾರು 4, ಗ್ರಾಂಟ್ ಸಿಕ್ಕ ಮೇಲೆ ರವಾನಿಸಲು ಇನ್ನೂ 4. ಆ ಮೊದಲ ಗ್ರಾಂಟ್ ಅನೇಕ ವೇಳೆ ಎಷ್ಟು ಪುಟ್ಟದೆಂದರೆ, ಅದರಲ್ಲಿ 'ನನ್ನ ಬಫರ್‌ನಲ್ಲಿ (ಕಳಿಸಲು ಕಾದಿರುವ ದತ್ತಾಂಶದ ಸಂಗ್ರಹದಲ್ಲಿ) ಇಷ್ಟು ದತ್ತಾಂಶವಿದೆ' ಎಂಬ ವರದಿಗಷ್ಟೇ ಜಾಗವಿರುತ್ತದೆ; ನಿಜವಾದ ದತ್ತಾಂಶಕ್ಕೆ ಮತ್ತೊಂದು ಸುತ್ತು, ಮತ್ತೆ 8 ಮಿಲಿಸೆಕೆಂಡ್. ಒಟ್ಟು 20ರ ಆಸುಪಾಸು ತಲುಪಿತು. ಇಷ್ಟೆಲ್ಲ ಆದ ಮೇಲೆ ದತ್ತಾಂಶ ಗಾಳಿಯಲ್ಲಿ ಸಾಗಲು ಬೇಕಾದದ್ದು ಕೇವಲ 1 ಮಿಲಿಸೆಕೆಂಡ್.

5ಜಿ ಈ ಅಂತರಗಳನ್ನು ಕುಗ್ಗಿಸಿತು, ಅದರಲ್ಲಿ ಅನುಮಾನವಿಲ್ಲ. ಸಂಕೇತವನ್ನು ಹೊರುವ ಕಿರು ತರಂಗಗಳಾದ ಉಪವಾಹಕಗಳ ಅಂತರ 30 ಕಿಲೋಹರ್ಟ್ಸ್ ಆದಾಗ ಸ್ಲಾಟ್‌ನ, ಅಂದರೆ ಒಂದು ರವಾನೆಗೆ ಕೊಡುವ ಕಾಲದ ತುಂಡಿನ, ಉದ್ದ ಅರ್ಧ ಮಿಲಿಸೆಕೆಂಡಿಗೆ ಇಳಿಯುತ್ತದೆ, 120 ಆದಾಗ 0.125ಕ್ಕೆ. ಆದರೆ ಒಂದೇ ತರಂಗಾಂತರ ಪಟ್ಟಿಯನ್ನು ಎರಡೂ ದಿಕ್ಕುಗಳು ಕಾಲಾನುಸಾರ ಹಂಚಿಕೊಳ್ಳುವ ಜಾಲಗಳಲ್ಲಿ, ಮೂರು ಡೌನ್‌ಲಿಂಕ್ ಸ್ಲಾಟ್, ದಿಕ್ಕು ಬದಲಿಸಲು ಒಂದು ವಿಶೇಷ ಸ್ಲಾಟ್, ಒಂದು ಅಪ್‌ಲಿಂಕ್ ಸ್ಲಾಟ್ ಎಂಬ ವಿನ್ಯಾಸ ಸಾಮಾನ್ಯವಾಗಿದೆ. ಸ್ಲಾಟ್ ಅರ್ಧ ಮಿಲಿಸೆಕೆಂಡಿನದಾದರೆ ಅಲ್ಲಿ ಪೂರ್ಣ ಅಪ್‌ಲಿಂಕ್ ಸ್ಲಾಟ್ ಬರುವುದು 2.5 ಮಿಲಿಸೆಕೆಂಡಿಗೊಮ್ಮೆ. ಕೋರಿಕೆ ಒಂದು ಸರದಿಯಲ್ಲಿ, ದತ್ತಾಂಶ ಮುಂದಿನ ಸರದಿಯಲ್ಲಿ ಎಂದಾದರೆ, ಅತಿ ಚುರುಕಾದ ಶೆಡ್ಯೂಲರ್ ಇದ್ದರೂ ಸರಾಸರಿ 3.75 ಮಿಲಿಸೆಕೆಂಡಿಗಿಂತ ಕೆಳಗಿಳಿಯುವುದು ಕಷ್ಟ. ಇಂಥ ವಿನ್ಯಾಸವನ್ನು ಇಟ್ಟುಕೊಂಡೇ 'ಒಂದು ಮಿಲಿಸೆಕೆಂಡ್ ಜಾಲ' ಎಂದು ಜಾಹೀರಾತು ಕೊಡುವವರ ಧೈರ್ಯವನ್ನು ಮೆಚ್ಚಲೇಬೇಕು.

ಹಾಗಾದರೆ ಕೇಳುವ ಪದ್ಧತಿಯನ್ನೇ ಕೈಬಿಟ್ಟು ಸ್ಲಾಟ್‌ಗಳನ್ನು ಮೊದಲೇ ಕಾದಿರಿಸಿಬಿಡಬಹುದು. ಕಾನ್ಫಿಗರ್ಡ್ ಗ್ರಾಂಟ್ ಎಂಬ ವ್ಯವಸ್ಥೆ ಇರುವುದೇ ಇದಕ್ಕಾಗಿ. ಇಲ್ಲಿ ಏಳುವ ಆಕ್ಷೇಪಣೆ ಸ್ಲಾಟ್‌ಗಳು ಪೋಲಾಗುತ್ತವೆ ಎಂಬುದು: ಹತ್ತು ಸರದಿಗೊಮ್ಮೆ ಮಾತ್ರ ಮಾತನಾಡುವ ಸಂವೇದಕಕ್ಕೆ ಪ್ರತಿ ಸರದಿಯನ್ನೂ ಮೀಸಲಿಟ್ಟರೆ ಹತ್ತರಲ್ಲಿ ಒಂಬತ್ತು ಪಾಲು ಖಾಲಿ ಹೋಗುತ್ತದೆ. ಹಲವರಿಗೆ ಒಂದೇ ಜಾಗ ಕೊಟ್ಟರೆ ಏನಾಗುತ್ತದೆ? ಇದು ಅಪ್ಪಣೆ ಕೇಳದೆ ಎಲ್ಲರೂ ಒಂದೇ ವಾಹಿನಿಯಲ್ಲಿ ಕಳಿಸುತ್ತಿದ್ದ 1970ರ ದಶಕದ ಅಲೋಹಾ ರೇಡಿಯೊ ಜಾಲದಿಂದಲೂ ಕಾಡುತ್ತಿರುವ ಪ್ರಶ್ನೆ. ಸ್ಲಾಟ್ ಆಧರಿಸಿದ ಅಲೋಹಾದ ಗರಿಷ್ಠ ದಕ್ಷತೆ ಶೇ. 36.8 ಮಾತ್ರ. ವಿಶ್ವಾಸಾರ್ಹತೆಯ ಷರತ್ತು ಸೇರಿದರೆ ಪರಿಸ್ಥಿತಿ ಇನ್ನೂ ಬಿಗಿಯಾಗುತ್ತದೆ. 32 ಬೈಟ್‌ಗಳ ಪ್ಯಾಕೆಟ್ 1 ಮಿಲಿಸೆಕೆಂಡಿನೊಳಗೆ ತಲುಪಬೇಕು, ವೈಫಲ್ಯ ಲಕ್ಷಕ್ಕೆ ಒಂದನ್ನು ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ವಿಧಿಸಿದ ಮಾನದಂಡ. ಎರಡೇ ಸಾಧನಗಳು ಒಂದು ಜಾಗವನ್ನು ಹಂಚಿಕೊಂಡು, ಪ್ರತಿಯೊಂದೂ ಸಾವಿರ ಸರದಿಗೊಮ್ಮೆ ಮಾತ್ರ ಬಾಯಿ ತೆರೆದರೂ, ಒಂದರ ಮಾತಿಗೆ ಇನ್ನೊಂದು ಅಡ್ಡ ಬರುವ ಸಂಭವ ಸಾವಿರಕ್ಕೆ ಒಂದು, ಅಂದರೆ ಅನುಮತಿಸಿದ ಮಿತಿಯ ನೂರು ಪಟ್ಟು. ಬೇಸ್ ಸ್ಟೇಷನ್ ಹಲವು ಆಂಟೆನಾಗಳ ನೆರವಿನಿಂದ ಡಿಕ್ಕಿಯಾದ ಸಂಕೇತಗಳನ್ನು ಬಿಡಿಸಬಲ್ಲದು, ಅದೇ ಪ್ಯಾಕೆಟ್‌ನ ಪುನರಾವರ್ತನೆಯೂ ಸ್ವಲ್ಪ ಕಾಪಾಡುತ್ತದೆ. ಪುನರಾವರ್ತನೆ ಎಂದರೂ ಮತ್ತಷ್ಟು ಸ್ಪೆಕ್ಟ್ರಮ್ ಖರ್ಚೇ ತಾನೆ.

ಕಾದಿರಿಸಿದ ಸ್ಲಾಟ್‌ಗಳ ಅವಧಿ ದತ್ತಾಂಶ ಬರುವ ಲಯಕ್ಕೆ ಹೊಂದದಿದ್ದರೆ ಆಗುವ ಫಜೀತಿ ನನಗೆ ಬಹಳ ಕುತೂಹಲಕರವೆನಿಸುತ್ತದೆ. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ಕಳಿಸುವ ಕ್ಯಾಮೆರಾದ ಅವಧಿ 16.67 ಮಿಲಿಸೆಕೆಂಡ್. ಅದಕ್ಕೆ 16 ಮಿಲಿಸೆಕೆಂಡಿಗೊಂದು ಸ್ಲಾಟ್ ಕಾದಿರಿಸಿದೆವು ಎನ್ನೋಣ. ಮೊದಲ ಚೌಕಟ್ಟು ಸರಿಯಾಗಿ ಸ್ಲಾಟ್ ಹಿಡಿಯಿತು. ಎರಡನೆಯದು ತನ್ನ ಸ್ಲಾಟ್ ತಪ್ಪಿದ 0.67 ಮಿಲಿಸೆಕೆಂಡಿನ ನಂತರ ಬಂದು, ಮುಂದಿನದಕ್ಕಾಗಿ 15.33 ಮಿಲಿಸೆಕೆಂಡ್ ಕಾಯಿತು. ಮೂರನೆಯದು 14.67. ಹೀಗೆ ಇಳಿಯುತ್ತ ಇಳಿಯುತ್ತ ಪ್ರತಿ 24 ಚೌಕಟ್ಟುಗಳಿಗೊಮ್ಮೆ ವಿಳಂಬ ಸೊನ್ನೆಗೆ ಬಂದು ಮತ್ತೆ ಮೇಲಕ್ಕೆ ಜಿಗಿಯುತ್ತದೆ. ಸ್ಲಾಟ್ ಒಂದೂ ಕಳೆದಿಲ್ಲ, ಗಾಳಿಯಲ್ಲಿ ದೋಷವೂ ಇಲ್ಲ. ಆದರೂ ವೀಡಿಯೊ ಕುಂಟುತ್ತದೆ.

ಹೀಗಿರುವಾಗ 'ದಕ್ಷತೆ' ಎಂದರೆ ಸ್ಲಾಟ್‌ಗಳು ಎಷ್ಟು ತುಂಬಿವೆ ಎಂಬುದು ಎಂದು ಇನ್ನೂ ಲೆಕ್ಕ ಹಾಕುತ್ತಿರುವುದನ್ನು ನಾನು ಒಪ್ಪುವುದಿಲ್ಲ. ಬಳಸಿದ ಸ್ಪೆಕ್ಟ್ರಮ್‌ಗೆ ಪ್ರತಿಯಾಗಿ ಎಷ್ಟು ಪ್ಯಾಕೆಟ್‌ಗಳು ತಮ್ಮ ಗಡುವಿನೊಳಗೆ ತಲುಪಿದವು ಎಂಬುದೇ ಇಲ್ಲಿ ಸರಿಯಾದ ಅಳತೆ. ಆ ಅಳತೆಯಲ್ಲಿ ಖಾಲಿ ಹೋದ ಸ್ಲಾಟ್ ವಿಮೆಯ ಕಂತಿನಂತೆ, ಕೊಟ್ಟ ಹಣ ಹೋಯಿತೆಂದು ಯಾರೂ ಗೋಳಾಡುವುದಿಲ್ಲ. ಸಂಶೋಧನಾ ಲೇಖನಗಳ ಬಗ್ಗೆಯೂ ನನ್ನದೊಂದು ತಕರಾರಿದೆ. 1992ರಲ್ಲಿ ಸಂಶೋಧಕರಾದ ಟಾಸಿಯುಲಾಸ್ ಮತ್ತು ಎಫ್ರೆಮಿಡೀಸ್ ತೋರಿಸಿಕೊಟ್ಟ, ಕಾದಿರುವ ಪ್ಯಾಕೆಟ್‌ಗಳ ಸಾಲಿನ ಉದ್ದವನ್ನು ನೋಡಿ ಸರದಿ ಕೊಡುವ ವಿಧಾನ ಸುಂದರವಾದದ್ದೇ. ಆದರೆ ಅಂಥ ವಿಧಾನಗಳನ್ನು ಅಪ್‌ಲಿಂಕ್‌ಗೆ ತಂದು, ಪ್ರತಿ ಸಾಧನದ ಸಾಲಿನ ಉದ್ದ ಬೇಸ್ ಸ್ಟೇಷನ್‌ಗೆ ತಕ್ಷಣ, ಖರ್ಚಿಲ್ಲದೆ ಗೊತ್ತಿರುತ್ತದೆ ಎಂದು ಊಹಿಸಿಬಿಟ್ಟರೆ, ಬಿಡಿಸಬೇಕಾದ ಸಮಸ್ಯೆಯನ್ನೇ ಬದಿಗಿಟ್ಟಂತಾಗುತ್ತದೆ. ಶೆಡ್ಯೂಲರ್‌ನ ಒಳಗುಟ್ಟನ್ನು ಮೊಬೈಲ್ ಜಾಲಗಳ ನಿಯಮಗಳನ್ನು ರೂಪಿಸುವ 3ಜಿಪಿಪಿ ಕೂಟದ ಮಾನಕ ನಿಗದಿಪಡಿಸುವುದೂ ಇಲ್ಲ. ಅದನ್ನು ಉಪಕರಣ ತಯಾರಕರಿಗೆ ಬಿಡಲಾಗಿದೆ. ಆದ್ದರಿಂದ ಹೊರಗಿನವರು ಹೋಲಿಸಿ ನೋಡಲು ಸಿಗುವುದು ಅಳೆದ ವಿಳಂಬವಷ್ಟೇ.

ಬಫರ್ ವರದಿ ಎಷ್ಟು ದತ್ತಾಂಶವಿದೆ ಎಂದು ಹೇಳುತ್ತದೆ, ಎಷ್ಟು ಹೊತ್ತಿನೊಳಗೆ ತಲುಪಬೇಕು ಎಂದು ಹೇಳುವುದಿಲ್ಲ. ಈ ಕೊರತೆಯನ್ನು ನೀಗಲು ಮಾನಕದ 18ನೇ ಆವೃತ್ತಿಯಲ್ಲಿ, ಉಳಿದಿರುವ ಸಮಯವನ್ನು ತಿಳಿಸುವ ವಿಳಂಬ ವರದಿಯನ್ನು ಸೇರಿಸಿದ್ದಾರೆ. ಬರಬೇಕಾಗಿದ್ದ ಬದಲಾವಣೆ, ತಡವಾಗಿಯಾದರೂ ಬಂದಿದೆ. ಆದರೆ ಆ ವರದಿಯೂ ಅಪ್‌ಲಿಂಕ್‌ನಲ್ಲೇ ಪ್ರಯಾಣಿಸಬೇಕು, ಅದಕ್ಕೂ ಒಂದು ಗ್ರಾಂಟ್ ಬೇಕು. ಹತ್ತು ಹದಿನೈದು ಮಿಲಿಸೆಕೆಂಡ್ ತಾಳಬಲ್ಲ ವೀಡಿಯೊಗೆ ಇದು ನಿಜವಾಗಿ ನೆರವಾಗಬಹುದು. ಒಂದು ಮಿಲಿಸೆಕೆಂಡಿನ ನಿಯಂತ್ರಣ ಸಂದೇಶದ ಗಡುವು ಮಾತ್ರ ವರದಿ ಬೇಸ್ ಸ್ಟೇಷನ್ ಮುಟ್ಟುವ ಮೊದಲೇ ಮುಗಿದಿರುತ್ತದೆ, ಹಾಗಾಗಿ ಅದಕ್ಕೆ ಖಾಲಿ ಸ್ಲಾಟ್‌ಗಳನ್ನು ಕಾದಿರಿಸಿಡುವುದು ತಪ್ಪುವುದಿಲ್ಲ.