ಸುರಂಗಕ್ಕೆ ಸಿಗ್ನಲ್ ಸಿಗುವುದಿಲ್ಲ

ನಮ್ಮೂರಿನ ಶಾಲೆಯ ಅಡುಗೆಕೋಣೆಗೆ ನೀರು ಬರುವುದು ಶಾಲೆಯ ಹಿಂದಿನ ಗುಡ್ಡದಲ್ಲಿರುವ ಸುರಂಗದಿಂದ. ಆ ಸುರಂಗವನ್ನು ಮಕ್ಕಳಿಗೆ ತೋರಿಸುವ ಸಲುವಾಗಿ ಕಳೆದ ವರ್ಷ ಶಾಲೆಗೆ, ದೂರದ ಜಾಗವನ್ನು ಸುತ್ತಲೂ ಇದ್ದಂತೆ ತೋರಿಸುವ ಎರಡು ವಿ.ಆರ್. ಕನ್ನಡಕಗಳು ಬಂದವು. ತರಗತಿಗೂ ಗುಡ್ಡಕ್ಕೂ ನಡುವೆ ಇರುವುದು ಒಂದು ಅಂಗಳ, ಒಂದು ಹಲಸಿನ ಮರ ಮತ್ತು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಹತ್ತಿಪ್ಪತ್ತು ಮೆಟ್ಟಿಲುಗಳು ಮಾತ್ರ. ಆದರೂ, ಕಣ್ಣೆದುರಿಗಿರುವ ವಸ್ತುವನ್ನು ಬರಿಗಣ್ಣಿನಿಂದಲೇ ನೋಡುವುದು ಹಳೆಯ ಬೋಧನಾಕ್ರಮವೆಂದೂ, ಅದರಲ್ಲಿ ವಿದ್ಯಾರ್ಥಿಗಳ ‘ತೊಡಗಿಕೊಳ್ಳುವಿಕೆ’ ಸಾಲದೆಂದೂ ಯೋಜನೆಯ ಸುತ್ತೋಲೆಯಲ್ಲಿ ತಿಳಿಸಲಾಗಿತ್ತು. ನಾನು ಶಾಲೆಯ ರಕ್ಷಕ-ಶಿಕ್ಷಕ ಸಂಘದ (ಪಿ.ಟಿ.ಎ.) ಕಾರ್ಯಕಾರಿ ಸಮಿತಿಯ ಸದಸ್ಯನಾಗಿರುವುದರಿಂದಲೂ, ಅಡಿಕೆ ಕೊಯ್ಲಿಲ್ಲದ ತಿಂಗಳುಗಳಲ್ಲಿ ನನಗೆ ಮಾಡಲು ಕೆಲಸವಿಲ್ಲವೆಂಬುದು ಊರಿಗೆಲ್ಲ ಗೊತ್ತಿರುವುದರಿಂದಲೂ, ಉಸ್ತುವಾರಿ ಸಮಿತಿಗೆ ನನ್ನನ್ನೂ ಸೇರಿಸಿಕೊಳ್ಳಲಾಯಿತು.

ಕಾಸರಗೋಡಿನ ಗುಡ್ಡಗಳನ್ನು ಕಾಣದವರಿಗಾಗಿ ಸುರಂಗದ ವಿಷಯವನ್ನು ಸ್ವಲ್ಪ ಹೇಳಬೇಕು. ಮುರಕಲ್ಲಿನ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರಕ್ಕೆ, ಎರಡು ಭುಜಗಳು ಹಿಡಿಯುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಕೊರೆದ ದಾರಿಯೇ ಸುರಂಗ. ಒಳಗೆ ಹೋದಂತೆ ಅದರ ನೆಲ ತುಸು ಏರುತ್ತದೆ. ಆದ್ದರಿಂದ ಕಲ್ಲಿನ ಸಂದಿಯಲ್ಲಿ ಜಿನುಗಿದ ನೀರು ಯಾವ ಪಂಪಿನ ಹಂಗೂ ಇಲ್ಲದೆ ತಾನಾಗಿ ಹೊರಗೆ ಹರಿದು, ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯ ಮೂಲಕ ತೊಟ್ಟಿಗೆ ಬೀಳುತ್ತದೆ. ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್. ಕೊರೆಯುವವನು ಮೇಣದ ಬತ್ತಿಯೊಂದನ್ನು ಹಚ್ಚಿಟ್ಟುಕೊಳ್ಳುತ್ತಾನೆ; ಬೆಳಕು ಕೊಡುವುದು ಅದರ ಅರ್ಧ ಕೆಲಸವಷ್ಟೆ. ಬತ್ತಿ ಮಂಕಾದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹಿಂದೆ ಬರಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ, ಇಳಿಜಾರಿನಲ್ಲಿ ಅದೆಲ್ಲವೂ ಹೊಳೆಗಿಳಿದು ಕಡಲು ಸೇರಿ, ಬೇಸಗೆಯಲ್ಲಿ ಕೊಡ ಹಿಡಿದು ಅಲೆಯಬೇಕಾದ ಈ ನಾಡಿನಲ್ಲಿ, ಎಣ್ಮಕಜೆ, ಬಾಯಾರು ಮುಂತಾದ ಕಡೆಗಳಲ್ಲಿ ಎಷ್ಟೋ ಮನೆ, ತೋಟಗಳು ಉಳಿದಿರುವುದೇ ಇಂಥ ಸುರಂಗಗಳಿಂದ. ವಿಜ್ಞಾನ, ಗಣಿತ, ಭೂಗೋಳ, ಚರಿತ್ರೆ ಇವೆಲ್ಲವೂ ಒಂದೇ ಬಿಲದೊಳಗೆ ಇಷ್ಟು ಒತ್ತೊತ್ತಾಗಿ ಕುಳಿತಿರುವಾಗ, ಮಕ್ಕಳ ಪ್ರಾಜೆಕ್ಟಿಗೆ ಅದನ್ನು ಆರಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಅವರ ಬುದ್ಧಿ ಅಲ್ಲಿಗೇ ನಿಂತದ್ದು ಮಾತ್ರ ನಮ್ಮ ದುರದೃಷ್ಟ.

ಮೊದಲ ತೊಡಕು ಬಂದದ್ದು ಸುತ್ತೋಲೆಯ ಭಾಷೆಯಿಂದ. ಮಲಯಾಳದಲ್ಲಿ ಸುರಂಗಕ್ಕೆ ತುರಂಗವೆನ್ನುತ್ತಾರೆ. ಭಾಷಾ ಅಲ್ಪಸಂಖ್ಯಾತರಾದ ನಮ್ಮ ಮೇಲಿನ ಕಾಳಜಿಯಿಂದ ಸುತ್ತೋಲೆಯನ್ನು ಯಾವುದೋ ಯಂತ್ರದ ಬಾಯಿಗೆ ಕೊಟ್ಟು ಕನ್ನಡಕ್ಕೆ ತರಿಸಿದ್ದರು; ಯಂತ್ರ ಉಳಿದೆಲ್ಲವನ್ನೂ ಅನುವಾದಿಸಿ ಆ ಒಂದು ಶಬ್ದವನ್ನು ಇದ್ದ ಹಾಗೆಯೇ ಬಿಟ್ಟಿತ್ತು. ‘ವಿದ್ಯಾರ್ಥಿಗಳು ತಮ್ಮ ಪರಿಸರದ ತುರಂಗಗಳನ್ನು ಗುರುತಿಸಿ, ಅವುಗಳ ಉದ್ದವನ್ನು ಅಳೆದು, ಒಳಗಿರುವ ನೀರಿನ ಪ್ರಮಾಣವನ್ನು ದಾಖಲಿಸತಕ್ಕದ್ದು’ ಎಂಬ ವಾಕ್ಯವನ್ನು ಅಧ್ಯಾಪಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದಾಗ, ತುರಂಗವೆಂದರೆ ಕುದುರೆಯೆಂದು ಕನ್ನಡ ಪಂಡಿತರೂ, ತುರಂಗವೆಂದರೆ ಜೈಲು ಎಂದು ಸಮಾಜ ಅಧ್ಯಾಪಕರೂ ವಾದಿಸಿದರು. ಕುದುರೆಯನ್ನು ಅಳೆಯಬಹುದಾದರೂ ಅದರೊಳಗಿನ ನೀರನ್ನು ದಾಖಲಿಸುವುದು ಕಷ್ಟವೆಂದೂ, ಜೈಲಾದರೆ ಒಳಗೆ ಹೋಗಲು ಮಕ್ಕಳಿಗೆ ವಯಸ್ಸಾಗಿಲ್ಲವೆಂದೂ ಚರ್ಚೆ ಮುಂದುವರಿದು, ಕೊನೆಗೆ ಮಲಯಾಳ ಟೀಚರ್ ಬಂದು ನಗುತ್ತಾ ಬಗೆಹರಿಸಿದರು. ಗಡಿನಾಡಿನಲ್ಲಿ ಯಂತ್ರ ಕೆಡಿಸಿದ್ದನ್ನು ಸರಿಪಡಿಸುವುದು ಯಾವಾಗಲೂ ಪಕ್ಕದ ಕುರ್ಚಿಯಲ್ಲಿ ಕುಳಿತಿರುವ ಮನುಷ್ಯರೇ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡುತ್ತೇನೆ. ಶಾಲೆಗಳಿಗೆ ತಂತ್ರಜ್ಞಾನವನ್ನು ತರುವುದರಲ್ಲಿ ಕೇರಳ ಹಿಂದೆ ಬಿದ್ದ ರಾಜ್ಯವಲ್ಲ. 2018ರ ಜನವರಿಯಲ್ಲಿ ಶುರುವಾದ ಯೋಜನೆಯಲ್ಲಿ ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ 45,000 ಕೋಣೆಗಳನ್ನು ಹೈಟೆಕ್ ಮಾಡುವ ಕೆಲಸ ನಡೆಯಿತು. ಅದೇ ವರ್ಷ ಮಕ್ಕಳ ಲಿಟಲ್ ಕೈಟ್ಸ್ ಎಂಬ ಐ.ಟಿ. ಕೂಟಗಳು ಹುಟ್ಟಿಕೊಂಡವು. 2020ರ ಜೂನ್ 1ರಂದು, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಟಿ.ವಿ.ಯ ಮೂಲಕ ಪಾಠಗಳು ಆರಂಭವಾದವು. 2025-26ರಲ್ಲಿ ಹತ್ತನೆಯ ತರಗತಿಯ ಎಲ್ಲ ಮಕ್ಕಳ ಪಾಠದಲ್ಲಿ ರೋಬೋಟಿಕ್ಸ್ ಸೇರಿತು. ಶಾಲೆಯ ಕಂಪ್ಯೂಟರುಗಳಲ್ಲಿ ಬಳಸುವುದು ಸ್ವತಂತ್ರ ತಂತ್ರಾಂಶ. ನಮ್ಮೂರಿನ ಹುಡುಗಿಯರು ಆರ್ಡುಯಿನೊ ಎಂಬ ಎಲೆಕ್ಟ್ರಾನಿಕ್ ಹಲಗೆಗೆ ತಂತಿ ಜೋಡಿಸಿ ದೀಪ ಉರಿಸುವುದನ್ನು ನೋಡಿದಾಗ, ಅರುವತ್ತು ದಾಟಿದ ನನಗೂ ಮತ್ತೊಮ್ಮೆ ಶಾಲೆಗೆ ಸೇರುವ ಆಸೆಯಾಗಿದೆ. ಕೈಗೆ ಬಂದ ವಸ್ತುವನ್ನು ಬಿಚ್ಚಿ ಜೋಡಿಸಿ ಕೆಡಿಸಿ ಕಲಿಯುವ ಮಗುವನ್ನು ಕಂಡರೆ ಸಂತೋಷವೇ. ನಾನು ಹೇಳುತ್ತಿರುವುದು ಬೇರೆಯೇ ಒಂದು ಜಾತಿಯ ತಂತ್ರಜ್ಞಾನದ ಕಥೆ. ಅದರಲ್ಲಿ ಮಗುವಿನ ಕೈಗೆ ಏನೂ ಸಿಗುವುದಿಲ್ಲ, ಮಗುವಿನ ಫೋಟೊ ಮಾತ್ರ ಎಲ್ಲರಿಗೂ ಸಿಗುತ್ತದೆ.

ಕನ್ನಡಕದ ಉದ್ಘಾಟನೆ ವಿಜೃಂಭಣೆಯಿಂದ ನಡೆಯಿತು. ಮುನ್ನೂರು ಮಕ್ಕಳಿಗೆ ಎರಡು ಕನ್ನಡಕಗಳಾದ್ದರಿಂದ ಒಬ್ಬೊಬ್ಬರಿಗೆ ಅರ್ಧ ನಿಮಿಷದ ಸರದಿ ಬಂತು. ಕನ್ನಡಕ ಧರಿಸಿದ ಮಗು ಎರಡೂ ಕೈಗಳನ್ನು ಮುಂದೆ ಚಾಚಿ ಗಾಳಿಯಲ್ಲಿ ತಡಕಾಡುತ್ತಾ ನಿಂತರೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯ ಉಳಿದ ಮಕ್ಕಳು ಅದನ್ನು ಧೃತರಾಷ್ಟ್ರನ ವೇಷವೆಂದೇ ತಿಳಿದು ಬಾಯಲ್ಲಿ ಚೆಂಡೆ ನುಡಿಸಿದರು. ಒಳಗೆ ಕಾಣಿಸುತ್ತಿದ್ದುದು ಯಾವುದೋ ದೇಶದ ರೈಲು ಸುರಂಗ. ಏಳನೆಯ ತರಗತಿಯ ಹುಡುಗನೊಬ್ಬ ಕನ್ನಡಕ ತೆಗೆದು, “ಟೀಚರ್, ಇದರಲ್ಲಿ ನೀರೇ ಇಲ್ಲ, ರೈಲು ಬರುತ್ತದೆ” ಎಂದ. ಅವನ ಅಜ್ಜನೇ ಶಾಲೆಯ ಹಿಂದಿನ ಸುರಂಗವನ್ನು ಕೊರೆದವರು. ಆದರೆ ಆ ಹೊತ್ತಿಗೆ ಫೋಟೊ ತೆಗೆದಾಗಿತ್ತು. ಹುಡುಗನ ಬಾಯಿ ತೆರೆದಿದ್ದರಿಂದ ಅದರ ಕೆಳಗೆ ‘ವಿಸ್ಮಯಗೊಂಡ ವಿದ್ಯಾರ್ಥಿ’ ಎಂಬ ಶೀರ್ಷಿಕೆಯನ್ನೂ ಬರೆದಾಗಿತ್ತು.

ಅಜ್ಜನನ್ನೇ ಶಾಲೆಗೆ ಕರೆಸೋಣವೆಂದು ನಾನು ಸೂಚಿಸಿದೆ. ಸಮಿತಿ ಒಪ್ಪಿತು, ಯೋಜನೆಯ ಮೊಬೈಲ್ ಆಪ್ ಒಪ್ಪಲಿಲ್ಲ. ಸಂಪನ್ಮೂಲ ವ್ಯಕ್ತಿಯಾಗಿ ನೋಂದಾಯಿಸಿಕೊಳ್ಳಲು ಇಮೇಲ್ ವಿಳಾಸ, ವಿದ್ಯಾರ್ಹತೆ ಮತ್ತು ‘ಈ ಕ್ಷೇತ್ರದಲ್ಲಿ ಪಡೆದ ತರಬೇತಿಯ ಪ್ರಮಾಣಪತ್ರ’ ಕಡ್ಡಾಯವಾಗಿದ್ದವು. ನಾಲ್ಕು ದಶಕಗಳ ಕಾಲ ಗುಡ್ಡದ ಹೊಟ್ಟೆಯೊಳಗೆ ಕುಕ್ಕುರುಗಾಲಿನಲ್ಲಿ ಕುಳಿತು ಪಿಕ್ಕಾಸು ಬೀಸಿದವರಿಗೆ ಪ್ರಮಾಣಪತ್ರ ಕೊಡುವವರು ಯಾರು? ಆ ನಕ್ಷತ್ರ ಚಿಹ್ನೆಯ ಕಲಮುಗಳನ್ನು ಖಾಲಿ ಬಿಡಲು ಬಾರದ ಕಾರಣ ಅವರು ಸಂಪನ್ಮೂಲವೂ ಆಗಲಿಲ್ಲ, ಆಪ್‌ನ ಪ್ರಕಾರ ವ್ಯಕ್ತಿಯೂ ಆಗಲಿಲ್ಲ. ಕೊನೆಗೆ ಮೊಮ್ಮಗನೇ ಮನೆಯಲ್ಲಿ ಅವರ ಮಾತುಗಳನ್ನು ಮೊಬೈಲಿನಲ್ಲಿ ಮುದ್ರಿಸಿ ತಂದ. ಅಜ್ಜ ಮಾತನಾಡಿದ್ದು ತುಳುವಿನಲ್ಲಿ. ಆಪ್‌ನ ಭಾಷಾಪಟ್ಟಿಯಲ್ಲಿ ತುಳು ಇರಲಿಲ್ಲ. ಏಳು ಭಾಷೆಗಳ ಸಂಗಮಭೂಮಿಯೆಂದು ನಾವು ಪ್ರತಿ ಸಭೆಯಲ್ಲೂ ಹೆಮ್ಮೆಪಡುವ ಈ ನೆಲದ ಹೆಚ್ಚಿನ ಮನೆಮಾತುಗಳು ‘ಇತರೆ’ ಎಂಬ ಒಂದೇ ಚಾಪೆಯ ಮೇಲೆ ಮಲಗಿದ್ದವು. ಹುಡುಗ ಕನ್ನಡವೆಂದು ಆರಿಸಿದ. ಅಜ್ಜ ಮತ್ತೆ ಮತ್ತೆ ಹೇಳಿದ್ದ ‘ಉಳಾಯಿ ಬಲೆ’, ಅಂದರೆ ಒಳಗೆ ಬನ್ನಿ, ಎಂಬ ಮಾತಿನಲ್ಲಿ ಯಂತ್ರಕ್ಕೆ ಅರ್ಥವಾದದ್ದು ಬಲೆಯೊಂದೇ. ಬಲೆ ಮತ್ತು ನೀರು ಎರಡೂ ಸಿಕ್ಕಿದ ಮೇಲೆ ಕೃತಕ ಬುದ್ಧಿಮತ್ತೆಗೆ ಸಂಶಯವೇ ಉಳಿಯಲಿಲ್ಲ. ಅದು ನಮ್ಮ ಶಾಲೆಯ ಪ್ರಾಜೆಕ್ಟನ್ನು ‘ಒಳನಾಡು ಮೀನುಗಾರಿಕೆ’ ವಿಭಾಗಕ್ಕೆ ಸೇರಿಸಿ ಅಭಿನಂದನೆ ತಿಳಿಸಿತು.

ಆ ವಿಭಾಗದಿಂದ ಪ್ರಾಜೆಕ್ಟನ್ನು ಹೊರಗೆಳೆಯಬೇಕಾದರೆ ತೆಗೆದ ಸ್ಥಳದ ಗುರುತು, ಅಂದರೆ ಜಿಯೋಟ್ಯಾಗ್, ಇರುವ ಫೋಟೊ ಬೇಕಾಗಿತ್ತು. ಮಕ್ಕಳನ್ನು ಸುರಂಗದ ಆಳಕ್ಕೆ ಕರೆದೊಯ್ಯುವುದು ಕ್ಷೇಮವಲ್ಲ, ಆ ಎಚ್ಚರಿಕೆ ಸರಿಯಾದದ್ದೇ; ಆದ್ದರಿಂದ ಬಾಯಿಯ ಬಳಿ ನಿಲ್ಲಿಸಿ ಫೋಟೊ ತೆಗೆದೆವು. ಅಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ನೆತ್ತಿಗೆ ಹತ್ತಿದರೆ ಸಿಗ್ನಲ್ ಇದೆ, ಆದರೆ ಅದು ಗಡಿಯಾಚೆಯ ಗೋಪುರದ್ದು. ಕರ್ನಾಟಕಕ್ಕೆ ಸ್ವಾಗತವೆಂಬ ಸಂದೇಶದ ಬೆನ್ನಿಗೇ, ಫೋಟೊ ರಾಜ್ಯದ ವ್ಯಾಪ್ತಿಯ ಹೊರಗಿನದ್ದಾದ್ದರಿಂದ ತಿರಸ್ಕರಿಸಲಾಗಿದೆಯೆಂಬ ಸಂದೇಶವೂ ಬಂತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಆ ವರದಿ ಇಂದಿನವರೆಗೂ ಜಾರಿಯಾಗದೆ ಉಳಿದದ್ದು, ಇವೆಲ್ಲ ನಮ್ಮ ಕಡೆಯ ಸಭೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಅಷ್ಟೊಂದು ಸತ್ಯಾಗ್ರಹ, ಮನವಿ, ನಿಯೋಗಗಳಿಂದ ಆಗದ ಕೆಲಸವನ್ನು ಒಂದು ಅಗ್ಗದ ಮೊಬೈಲು ಮೂರು ಸೆಕೆಂಡುಗಳಲ್ಲಿ ಮಾಡಿ ಮುಗಿಸಿದ್ದನ್ನು ಕಂಡು, ಗುಡ್ಡದ ಮೇಲೆ ನಿಂತಿದ್ದ ಕನ್ನಡ ಪಂಡಿತರ ಕಣ್ಣಲ್ಲಿ ನೀರು ಬಂತು.

ಜಿಯೋಟ್ಯಾಗ್ ಸಿಗುವ ಒಂದೇ ಸ್ಥಳ ಮುಖ್ಯೋಪಾಧ್ಯಾಯರ ಕೋಣೆಯ ಕಿಟಕಿಯ ಪಕ್ಕ. ಸುರಂಗ ಅಲ್ಲಿಗೆ ಬರುವಂತಿಲ್ಲವಾದ್ದರಿಂದ ಅಲ್ಲಿಯೇ ಥರ್ಮೊಕೋಲಿನ ಸುರಂಗವೊಂದನ್ನು ಕಟ್ಟಲು ತೀರ್ಮಾನವಾಯಿತು. ಅದಕ್ಕೆ ಮುರಕಲ್ಲಿನ ಬಣ್ಣ ಬಳಿದು, ಒಳಗೆ ನೀಲಿ ದೀಪವಿಟ್ಟು, ನೀರು ಹರಿಯಲು ಸಣ್ಣ ಮೋಟರೊಂದನ್ನು ಕೂಡಿಸಲಾಯಿತು. ಮೋಟರು ಬೇಡವೆಂಬುದೇ ಸುರಂಗದ ಹೆಚ್ಚುಗಾರಿಕೆಯಲ್ಲವೇ ಎಂದು ನಾನು ಕೇಳಿದಾಗ, ಮೋಟರಿಲ್ಲದಿದ್ದರೆ ‘ತಂತ್ರಜ್ಞಾನದ ಸಮನ್ವಯ’ ಎಂಬ ಕಲಮಿನಲ್ಲಿ ಅಂಕವಿಲ್ಲವೆಂದು ಉತ್ತರ ಬಂತು. ಮಕ್ಕಳೆಲ್ಲಿ ಎಂದು ಯಾರೂ ಕೇಳಬೇಡಿ. ಥರ್ಮೊಕೋಲನ್ನು ಕೊರೆದದ್ದು ಇಬ್ಬರು ಅಧ್ಯಾಪಕರು, ಬಣ್ಣ ಬಳಿದದ್ದು ತಾಯಂದಿರ ಸಮಿತಿ, ತಂತಿ ಜೋಡಿಸಿದ್ದು ಪೇಟೆಯ ರಿಪೇರಿ ಅಂಗಡಿಯವನು. ಮಕ್ಕಳನ್ನು ಕೊನೆಯ ದಿನ ಇಸ್ತ್ರಿಯ ಸಮವಸ್ತ್ರದಲ್ಲಿ ಕರೆಸಿ, ಕೈಯಲ್ಲಿ ಸ್ಕ್ರೂಡ್ರೈವರ್ ಕೊಟ್ಟು, ಸುರಂಗವನ್ನು ನೋಡುವಂತೆ ನಿಲ್ಲಿಸಲಾಯಿತು. ತೊಡಗಿಕೊಳ್ಳುವಿಕೆ ನೂರಕ್ಕೆ ನೂರು ದಾಖಲಾಯಿತು.

ಅದೇ ವಾರ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪ್ರೊಜೆಕ್ಟರ್ ಇಲ್ಲದೆ ಏನು ಮಾಡುವುದೆಂದು ತೋಚದೆ ವಿಜ್ಞಾನದ ಟೀಚರ್ ಏಳನೆಯ ತರಗತಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು. ಅಜ್ಜ ಅಲ್ಲಿ ದಂಬೆ ಸರಿಪಡಿಸುತ್ತಿದ್ದರು. ಮಕ್ಕಳು ಕೋಲಿನಲ್ಲಿ ಅಳೆದದ್ದನ್ನು ಮೀಟರಿಗೆ ತಿರುಗಿಸಿದರು; ಬತ್ತಿಯ ಜ್ವಾಲೆ ಒಳಗೆ ಚಿಕ್ಕದಾಗುವುದೇಕೆಂದು ಜಗಳವಾಡಿದರು; ಹತ್ತಿರದ ತೋಟದಲ್ಲಿ ಕೊಳವೆಬಾವಿ ಕೊರೆದ ಮೇಲೆ ನೀರು ಸಣ್ಣದಾಯಿತೆಂದು ಅಜ್ಜ ಹೇಳಿದಾಗ, ಹುಡುಗಿಯೊಬ್ಬಳು ಹಾಗಾದರೆ ಎರಡರ ಆಳವನ್ನೂ ಒಂದೇ ಚಿತ್ರದಲ್ಲಿ ಬರೆಯೋಣವೆಂದು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದಳು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ನೀರು ಸಿಗದೆ ಮತ್ತೆ ಮತ್ತೆ ಸೋತು, ಕೊನೆಗೆ ನೀರು ಕಂಡು ಬೋಳುಗುಡ್ಡವನ್ನು ತೋಟ ಮಾಡಿದ ಕಥೆಯನ್ನು ಟೀಚರ್ ಹೇಳಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ನಮ್ಮ ಆಪ್‌ನಲ್ಲಿ ಪ್ರಾಜೆಕ್ಟ್ ಮಾಡಿದ್ದರೆ ಮೊದಲನೆಯ ಸುರಂಗದಲ್ಲಿಯೇ ನಪಾಸಾಗುತ್ತಿದ್ದರೆಂಬುದು ಖಂಡಿತ. ‘ಫಲಿತಾಂಶ’ ಎಂಬ ಕಲಮಿನಲ್ಲಿ ‘ನೀರು ಸಿಗಲಿಲ್ಲ, ನಾಳೆ ಮತ್ತೆ ಕೊರೆಯುತ್ತೇನೆ’ ಎಂದು ಬರೆಯಲು ಅವಕಾಶವಿಲ್ಲ. ಆ ಮಧ್ಯಾಹ್ನ ಮೊಬೈಲುಗಳಲ್ಲಿ ಚಾರ್ಜ್ ಇರಲಿಲ್ಲವಾದ್ದರಿಂದ ಒಂದು ಫೋಟೊವೂ ಉಳಿಯಲಿಲ್ಲ, ಆದ್ದರಿಂದ ಆ ಪಾಠ ನಡೆಯಲೇ ಇಲ್ಲವೆಂದು ದಾಖಲೆ ಹೇಳುತ್ತದೆ.

ಥರ್ಮೊಕೋಲಿನ ಸುರಂಗಕ್ಕೆ ಬಹುಮಾನ ಬಂತು. ನೀರಿನ ಮಟ್ಟವನ್ನು ಅರಿಯುವ ಸೆನ್ಸರನ್ನೂ ಅದಕ್ಕೆ ಜೋಡಿಸಿ ‘ಸ್ಮಾರ್ಟ್ ಸುರಂಗ’ವೆಂದು ಹೆಸರಿಟ್ಟದ್ದು ತೀರ್ಪುಗಾರರಿಗೆ ತುಂಬ ಹಿಡಿಸಿತಂತೆ. ಪ್ರದರ್ಶನ ಮುಗಿದು ಸುರಂಗ ಅಟ್ಟ ಸೇರಿದರೂ ಸೆನ್ಸರನ್ನು ಮಾತ್ರ, ಒಣಗಿದರೆ ಕೆಟ್ಟುಹೋದೀತೆಂಬ ಭಯದಿಂದ, ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ನೀರು ತುಂಬಿದ ಸ್ಟೀಲ್ ಲೋಟದಲ್ಲಿ ಅದ್ದಿಟ್ಟಿದ್ದಾರೆ. ಮೊನ್ನೆ ಏಪ್ರಿಲಿನ ಸಭೆಯ ದಿನ ಗುಡ್ಡದ ಸುರಂಗ ಬತ್ತಿ, ದಂಬೆಯಿಂದ ತೊಟ್ಟು ನೀರೂ ಬೀಳದೆ, ಅಡುಗೆಯಕ್ಕ ಎರಡು ಕೊಡಗಳನ್ನು ಹಿಡಿದು ಪಕ್ಕದ ಮನೆಯ ಬಾವಿಯ ಕಡೆಗೆ ಹೊರಟಿದ್ದಾಗ ಉಸ್ತುವಾರಿ ಸಮಿತಿಯವರ ಮೊಬೈಲುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ತೆರೆದು ನೋಡಿದರೆ, ನಿಮ್ಮ ಶಾಲೆಯ ಸುರಂಗದಲ್ಲಿ ನೀರಿನ ಮಟ್ಟ ತೃಪ್ತಿಕರವಾಗಿದೆ ಎಂದಿತ್ತು.